ಲಾಗಿನ್ ಎಲ್ಲಿದೆ? ಹೈದರಾಬಾದಿನ ಮನೆಗಳಿಗೆ ಇಂಟರ್ನೆಟ್ ಬಂದ ಕಥೆ, ಲಿನಕ್ಸ್ ಕಡೆಯಿಂದ

ಈ ವಾರದ ವಿಡಿಯೋದಲ್ಲಿ ಆಡಿದ ಮಾತನ್ನೇ ಸ್ವಲ್ಪ ತಿದ್ದಿ, ಅಲ್ಲಿ ಸಮಯ ಸಾಲದೆ ಬಿಟ್ಟ ಕೆಲವು ವಿವರ ಸೇರಿಸಿ ಇಲ್ಲಿ ಹಾಕಿದ್ದೇನೆ. ಮಿಯಾಪುರದಲ್ಲಿ ಮೆಟ್ರೋ ಹತ್ತಿ, ಅಮೀರ್‌ಪೇಟೆಯಲ್ಲಿ ರೈಲು ಬದಲಿಸಿ, ಹೈಟೆಕ್ ಸಿಟಿ ಮುಟ್ಟುವಷ್ಟರಲ್ಲಿ ಓದಿ ಮುಗಿಸಬಹುದು.

ಮೊದಲು ಒಂದು ಪ್ರಶ್ನೆ ಕೇಳ್ತೀನಿ. ನಿಮ್ಮ ಮನೆಯ ಇಂಟರ್ನೆಟ್‌ಗೆ ಲಾಗಿನ್ ಆಗುವುದು ಯಾರು? ನೀವಾ? ನಿಮ್ಮ ಲ್ಯಾಪ್‌ಟಾಪಾ? ಗೋಡೆಗೆ ಮೊಳೆ ಹೊಡೆದು ತೂಗುಹಾಕಿರುವ ಆ ಡಬ್ಬಿಯಾ? ಅಥವಾ ಕಂಪನಿಯವರೇ ದೂರದಿಂದ ಮಾಡಿಬಿಡುತ್ತಾರಾ? ಆ ಯೂಸರ್‌ನೇಮ್, ಪಾಸ್‌ವರ್ಡ್ ಎಲ್ಲಿದೆ ಅಂತ ಗೊತ್ತಾ? ಬೆಳಗಿಂದ ರಾತ್ರಿ ತನಕ ಸರ್ವರ್, ಕ್ಲೌಡ್, ಕಂಟೇನರ್ ಅಂತ ಕೆಲಸ ಮಾಡುವ ನಮ್ಮಲ್ಲೇ ಬಹಳ ಜನ ಈ ಪ್ರಶ್ನೆಗೆ ತಲೆ ಕೆರೆದುಕೊಳ್ಳುತ್ತಾರೆ. ಆಫೀಸಿನ ನೆಟ್‌ವರ್ಕ್ ನಕ್ಷೆ ಬಾಯಿಪಾಠ, ಮನೆಯದ್ದು ಗೊತ್ತಿಲ್ಲ.

ಸುಮಾರು 30 ವರ್ಷದಲ್ಲಿ ಈ ಲಾಗಿನ್ ನಮ್ಮ ಹಾಗೇ ಮನೆ ಬದಲಿಸುತ್ತಾ ಬಂದಿದೆ. ಮೊದಲು ಅದು ನಮ್ಮ ಕಂಪ್ಯೂಟರಿನಲ್ಲಿತ್ತು. ಆಮೇಲೆ ಮೋಡೆಮ್ ಡಬ್ಬಿಗೆ ಹೋಯಿತು, ಕೆಲವು ಕಡೆ ವೆಬ್ ಪುಟಕ್ಕೆ ಹೋಯಿತು, ಈಗ ಹೆಚ್ಚಿನ ಕಡೆ ಕಂಪನಿಯ ಕೈಯಲ್ಲೇ ಇದೆ. ಪ್ರತಿ ಸಲ ನಮ್ಮ ಕೆಲಸ ಹಗುರವಾಯಿತು, ಪ್ರತಿ ಸಲ ನಮ್ಮ ಕೈಯಿಂದ ಒಂದಿಷ್ಟು ಜಾರಿತು. ಇದು ಮೊದಲು ಕಣ್ಣಿಗೆ ಬಿದ್ದದ್ದು ಲಿನಕ್ಸ್ ಬಳಸುವವರಿಗೆ. ಯಾಕಂದ್ರೆ ಕಂಪನಿ ಕೊಡುವ ಸಿಡಿಯಲ್ಲಿ ಅವರಿಗೆ ಏನೂ ಇರುತ್ತಿರಲಿಲ್ಲ, ಎಲ್ಲವನ್ನೂ ತಾವೇ ಹುಡುಕಿ ಜೋಡಿಸಬೇಕಿತ್ತು. ಅದಕ್ಕೇ ಈ ಇತಿಹಾಸವನ್ನು ಅವರ ಕಡೆಯಿಂದ ಹೇಳ್ತಿದೀನಿ.

ನಮ್ಮದೇ ಕಂಪ್ಯೂಟರಿನಲ್ಲಿ

1995ರ ಆಗಸ್ಟ್ 15ರಂದು ವಿಎಸ್ಎನ್ಎಲ್ ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ತೆರೆಯಿತು. ಅದಕ್ಕೂ ಮುಂಚೆ ಇಂಟರ್ನೆಟ್ ಅನ್ನೋದು ಅರ್ನೆಟ್ ಜಾಲದ ಮೂಲಕ ಐಐಎಸ್‌ಸಿ, ಐಐಟಿಯಂಥ ಸಂಸ್ಥೆಗಳಿಗಷ್ಟೇ ಸಿಗುತ್ತಿತ್ತು. ವಿಎಸ್ಎನ್ಎಲ್ ಶುರು ಮಾಡಿದ್ದು ಮುಂಬಯಿ, ದೆಹಲಿ, ಕಲ್ಕತ್ತಾ, ಮದ್ರಾಸುಗಳಲ್ಲಿ. ಹೈದರಾಬಾದಿನ ಸರದಿ ಆಮೇಲೆ ಬಂತು. ನಾನಾಗ ರಾಯಚೂರಿನಲ್ಲಿ ಎರಡನೇ ಕ್ಲಾಸು. ಹಾಗಾಗಿ ಈ ಭಾಗ ನನ್ನ ನೆನಪಲ್ಲ. ಹಳೆಯ ಹೌ-ಟು ಕಡತಗಳಿಂದ, ಮ್ಯಾಗಜಿನ್ ಸಿಡಿಗಳಿಂದ, ಹಿರಿಯ ಸಹೋದ್ಯೋಗಿಗಳ ಬಾಯಿಂದ ತಿಳಿದದ್ದು.

ಆಗ ವಿದ್ಯಾರ್ಥಿಗಳಿಗೆ 500 ರೂಪಾಯಿಯ ಅಕೌಂಟ್ ಇತ್ತು. ಅದರಲ್ಲಿ ಚಿತ್ರ ಬರುತ್ತಿರಲಿಲ್ಲ, ಬರೀ ಅಕ್ಷರ. ನಿಮ್ಮ ಕಂಪ್ಯೂಟರ್ ನಿಜಕ್ಕೂ ಇಂಟರ್ನೆಟ್ಟಿನಲ್ಲಿ ಇರುತ್ತಿರಲಿಲ್ಲ. ಫೋನ್ ಮಾಡಿ ವಿಎಸ್ಎನ್ಎಲ್‌ನ ಯುನಿಕ್ಸ್ ಯಂತ್ರಕ್ಕೆ ಲಾಗಿನ್ ಆಗಿ, ಅಲ್ಲಿಯ ಶೆಲ್‌ನಲ್ಲಿ ಕೂತು ಮೇಲ್ ಓದಬೇಕಿತ್ತು. ಚಿತ್ರ ಬೇಕಾದರೆ ದುಬಾರಿ ಟಿಸಿಪಿ-ಐಪಿ ಅಕೌಂಟ್ ತಗೊಳ್ಳಬೇಕಿತ್ತು. ಇದೇ ಕಷ್ಟ ಬೇರೆ ದೇಶಗಳಲ್ಲೂ ಇತ್ತು. 1995ರ ಸುಮಾರಿಗೆ ಆಸ್ಟ್ರೇಲಿಯಾದಲ್ಲಿ ಹುಟ್ಟಿದ 'ಸ್ಲರ್ಪ್' ಅನ್ನುವ ಪುಟ್ಟ ಪ್ರೋಗ್ರಾಂ, ಬರೀ ಅಕ್ಷರದ ಶೆಲ್ ಅಕೌಂಟನ್ನೇ ಪೂರ್ತಿ ಇಂಟರ್ನೆಟ್ ಕನೆಕ್ಷನ್ ಥರ ವರ್ತಿಸುವಂತೆ ಮಾಡಿತು. ಆ ಕೋಡ್ ಸತ್ತಿಲ್ಲ. ಮುಂದೆ ಅದು ಕ್ಯೂಎಮು ಒಳಗೆ ಸೇರಿತು. ಪಾಡ್‌ಮನ್ ಕಂಟೇನರನ್ನು ರೂಟ್ ಇಲ್ಲದೆ ಓಡಿಸುವಾಗ ಬಳಕೆಗೆ ಬಂದ ನೆಟ್‌ವರ್ಕಿಂಗ್ ಕೂಡ ಅದರ ಮೊಮ್ಮಗನೇ. ಡಯಲ್-ಅಪ್ ಕಾಲದ ಬಡವರ ಉಪಾಯ ಇವತ್ತು ನಮ್ಮ ಪ್ರೊಡಕ್ಷನ್‌ನಲ್ಲಿ ಓಡ್ತಾ ಇದೆ ಅಂದ್ರೆ ನಂಬ್ತೀರಾ?

1996ರಲ್ಲಿ ಪಿಸಿ ಕ್ವೆಸ್ಟ್ ಪತ್ರಿಕೆ ಸಂಚಿಕೆಯ ಜತೆಗೇ ಲಿನಕ್ಸ್ ಸಿಡಿ ಹಂಚಿತು. ಅದರ ಹಿಂದಿದ್ದವರು ಬೆಂಗಳೂರಿನ ಅತುಲ್ ಚಿಟ್ನಿಸ್. ಆ ಕಾಲದ ಇಂಟರ್ನೆಟ್ಟಿನಲ್ಲಿ ಒಂದು ಸಿಡಿಯಷ್ಟು ಡೌನ್‌ಲೋಡ್ ಮಾಡುವುದು ಕನಸಿನ ಮಾತು. ಹಾಗಾಗಿ ನಮ್ಮ ದೇಶದಲ್ಲಿ ಬಹಳ ಜನಕ್ಕೆ ಲಿನಕ್ಸ್ ಸಿಕ್ಕಿದ್ದೇ ಪತ್ರಿಕೆಯ ಮೂಲಕ. ಹೈದರಾಬಾದಿನಲ್ಲಿ 'ಟ್ವಿಂಕ್ಲಿಂಗ್' ಅನ್ನುವ ಅವಳಿ ನಗರದ ಲಿನಕ್ಸ್ ಬಳಗ ಬೆಳೆಯಿತು, ಬೆಂಗಳೂರಿನಲ್ಲಿ ಅಲ್ಲಿಯ ಬಳಗ ಇತ್ತು. ಇನ್‌ಸ್ಟಾಲ್ ಆದ ಮೇಲೆ ಎಲ್ಲರೂ ಕೇಳುವ ಪ್ರಶ್ನೆ ಮಾತ್ರ ಒಂದೇ: ನೆಟ್ ಹೇಗೆ ಕನೆಕ್ಟ್ ಮಾಡೋದು?

ಉತ್ತರ ಪಿಪಿಪಿಡಿ ಅನ್ನುವ ಪ್ರೋಗ್ರಾಂ. ಅದಕ್ಕೆ ಒಂದು 'ಚಾಟ್ ಸ್ಕ್ರಿಪ್ಟ್' ಬರೆದುಕೊಡಬೇಕಿತ್ತು. ಈ ನಂಬರಿಗೆ ಡಯಲ್ ಮಾಡು, ಆ ಕಡೆಯಿಂದ 'ಲಾಗಿನ್' ಅಂತ ಬಂದರೆ ಯೂಸರ್‌ನೇಮ್ ಕೊಡು, 'ಪಾಸ್‌ವರ್ಡ್' ಅಂತ ಬಂದರೆ ಪಾಸ್‌ವರ್ಡ್ ಕೊಡು, ಹೀಗೆ ಸಂಭಾಷಣೆಯನ್ನೇ ಬರೆಯುವುದು. ಹಳೆಯ ಸ್ಕ್ರಿಪ್ಟ್ ನೋಡಿದರೆ ಆ ಪದಗಳ ಮೊದಲ ಅಕ್ಷರ ಇರುವುದಿಲ್ಲ. ಅದು ಅಚ್ಚಿನ ತಪ್ಪಲ್ಲ. ಆ ಕಡೆಯ ಯಂತ್ರ ಮೊದಲ ಅಕ್ಷರವನ್ನು ದೊಡ್ಡದಾಗಿ ಕಳಿಸುತ್ತೋ ಚಿಕ್ಕದಾಗಿ ಕಳಿಸುತ್ತೋ ಗೊತ್ತಿಲ್ಲ, ಲೈನಿನ ಗೊರಗೊರದಲ್ಲಿ ಅದು ಕಳೆದುಹೋದರೂ ಹೋಗಬಹುದು. ಉಳಿದದ್ದು ಬಂದರೆ ಸಾಕು ಅನ್ನೋ ಲೆಕ್ಕ. ಇಷ್ಟು ಬರೆದವನಿಗೆ ತನ್ನ ಮನೆಯಿಂದ ಇಂಟರ್ನೆಟ್ಟಿಗೆ ಹೋಗುವ ದಾರಿಯ ಪ್ರತಿ ಮೆಟ್ಟಿಲೂ ಗೊತ್ತಿರುತ್ತಿತ್ತು. ಆಮೇಲೆ 'ಡಬ್ಲ್ಯುವಿಡಯಲ್' ಬಂದು ಆ ಸಂಭಾಷಣೆಯನ್ನು ತಾನೇ ಊಹಿಸತೊಡಗಿತು.

ಇನ್ನೊಂದು ತಲೆನೋವು ವಿನ್‌ಮೋಡೆಮ್. ಖರ್ಚು ಉಳಿಸಲು ತಯಾರಕರು ಮೋಡೆಮ್ಮಿನ ಅರ್ಧ ಕೆಲಸವನ್ನು ಚಿಪ್‌ನಿಂದ ತೆಗೆದು ವಿಂಡೋಸ್ ಡ್ರೈವರ್‌ಗೆ ಹಾಕಿದರು. ವಿಂಡೋಸ್ ಇಲ್ಲದಿದ್ದರೆ ಆ ಕಾರ್ಡು ಬರೀ ತಗಡು. ಹಾಗಾಗಿ ಸಿಕಂದರಾಬಾದ್ ಪಾರ್ಕ್ ಲೇನ್‌ನ ಚೆನಾಯ್ ಟ್ರೇಡ್ ಸೆಂಟರಿಗೆ ಹೋದ ಲಿನಕ್ಸ್ ಗಿರಾಕಿ (ಬೆಂಗಳೂರಿನವರು ಎಸ್.ಪಿ. ರೋಡ್ ಅಂದುಕೊಳ್ಳಿ) ದುಬಾರಿಯಾದರೂ ಸೀರಿಯಲ್ ಪೋರ್ಟಿಗೆ ಹಾಕುವ ಹೊರಗಿನ ಮೋಡೆಮ್ ಕೇಳಬೇಕಿತ್ತು. ನೆನಪಿಟ್ಟುಕೊಳ್ಳಿ, ಕೆಲಸ ಒಂದು ಕಡೆಯಿಂದ ಇನ್ನೊಂದು ಕಡೆಗೆ ಕಣ್ಣಿಗೆ ಕಾಣದಂತೆ ಜಾರುವುದು ಇಲ್ಲಿಂದಲೇ ಶುರು.

1998ರ ನವೆಂಬರ್ ಎರಡು ಕಾರಣಕ್ಕೆ ಮುಖ್ಯ. ಆ ತಿಂಗಳು ಖಾಸಗಿ ಕಂಪನಿಗಳಿಗೆ ಇಂಟರ್ನೆಟ್ ಸೇವೆಯ ಬಾಗಿಲು ತೆರೆದು ವಿಎಸ್ಎನ್ಎಲ್‌ನ ಏಕಸ್ವಾಮ್ಯ ಮುಗಿಯಿತು. ಹೈದರಾಬಾದಿನ ಸತ್ಯಂ ಬಳಗಕ್ಕೆ ಸೇರಿದ, ಚೆನ್ನೈನಲ್ಲಿ ನೆಲೆಸಿದ್ದ ಸತ್ಯಂ ಇನ್ಫೋವೇ ಮೊದಲು ಬಂದವರ ಸಾಲಿನಲ್ಲಿತ್ತು. ಅದೇ ತಿಂಗಳು 22ರಂದು ಪ್ರಧಾನಿ ವಾಜಪೇಯಿ ಮಾದಾಪುರದಲ್ಲಿ ಸೈಬರ್ ಟವರ್ಸ್ ಉದ್ಘಾಟಿಸಿದರು. ಅಲ್ಲಿಂದ ಮುಂದೆ ಕಲಬುರಗಿ, ಬೀದರ್, ರಾಯಚೂರಿನ ಹುಡುಗರಿಗೆ ಹೈದರಾಬಾದ್ ಅಂದರೆ ಆಸ್ಪತ್ರೆ, ಮದುವೆ ಜವಳಿಯ ಊರು ಮಾತ್ರ ಆಗಿ ಉಳಿಯಲಿಲ್ಲ. 1956ರ ನವೆಂಬರ್ 1ರ ತನಕ ಈ ಮೂರೂ ಜಿಲ್ಲೆ ಹೈದರಾಬಾದ್ ರಾಜ್ಯದಲ್ಲೇ ಇದ್ದವಲ್ಲ, ಹಳೆಯ ರಾಜಧಾನಿಗೆ ಹೊಸ ದಾರಿಯಲ್ಲಿ ಮತ್ತೆ ಬಂದ ಹಾಗಾಯಿತು.

ಡಬ್ಬಿಯೊಳಗೆ

2004ರ ಅಕ್ಟೋಬರಿನಲ್ಲಿ ಬಂದ ಬ್ರಾಡ್‌ಬ್ಯಾಂಡ್ ನೀತಿ 256 ಕೆಬಿಪಿಎಸ್ ಇದ್ದರೆ ಬ್ರಾಡ್‌ಬ್ಯಾಂಡ್ ಅಂತ ಹೇಳಿತು. 2005ರ ಜನವರಿಯಲ್ಲಿ ಬಿಎಸ್ಎನ್ಎಲ್ 'ಡೇಟಾಒನ್' ಶುರು ಮಾಡಿತು. ಅದೇ ಹಳೆಯ ತಾಮ್ರದ ಫೋನ್ ತಂತಿ, ಆದರೆ ಮಾತಾಡ್ತಾ ಇದ್ದಾಗಲೂ ನೆಟ್ ನಡೆಯುತ್ತಿತ್ತು. ಎಡಿಎಸ್ಎಲ್ ಅಂದರೆ ಇದೇ.

ಇಲ್ಲೊಂದು ತಮಾಷೆ ಇದೆ. ಎಡಿಎಸ್ಎಲ್‌ನಲ್ಲಿ ಡಯಲ್ ಮಾಡುವ ಅಗತ್ಯವೇ ಇರಲಿಲ್ಲ, ಲೈನ್ ಸದಾ ಜೋಡಿಸಿಯೇ ಇರುತ್ತೆ. ಆದರೂ ಕಂಪನಿಗಳಿಗೆ ಯೂಸರ್‌ನೇಮ್-ಪಾಸ್‌ವರ್ಡ್ ಲೆಕ್ಕ, ಬಿಲ್ಲಿನ ವ್ಯವಸ್ಥೆ ಎಲ್ಲ ಡಯಲ್-ಅಪ್ ಕಾಲದ್ದೇ ಇತ್ತು. ಅದನ್ನು ಉಳಿಸಿಕೊಳ್ಳಲು ಹಳೆಯ ಪಿಪಿಪಿಯನ್ನೇ ಎತರ್ನೆಟ್ ಮೇಲೆ ಕೂರಿಸಿದರು. 1999ರ ಫೆಬ್ರವರಿಯಲ್ಲಿ ಬಂದ ಆರ್‌ಎಫ್‌ಸಿ 2516 ಅದರ ವಿವರಣೆ. ಹೆಸರು ಪಿಪಿಪಿಓಇ. ಲಿನಕ್ಸಿಗೆ ಅದನ್ನು ತಂದದ್ದರಲ್ಲಿ ಹೆಸರಾದದ್ದು ಕೆನಡಾದ ರೋರಿಂಗ್ ಪೆಂಗ್ವಿನ್ ಕಂಪನಿಯ ಡೇವಿಡ್ ಸ್ಕೋಲ್ ಬರೆದ ಕ್ಲೈಂಟ್.

ಈಗ ಲಾಗಿನ್‌ಗೆ ಎರಡು ಜಾಗ ಸಾಧ್ಯವಾಯಿತು. ಮೋಡೆಮ್ಮನ್ನು 'ಬ್ರಿಡ್ಜ್' ಮಾಡಿದರೆ ಅದು ಬರೀ ಸೇತುವೆ, ಲಾಗಿನ್ ನಿಮ್ಮ ಲಿನಕ್ಸ್ ಪೆಟ್ಟಿಗೆಯಲ್ಲೇ ಇರುತ್ತೆ. 'ರೂಟರ್' ಮಾಡಿದರೆ ಪಾಸ್‌ವರ್ಡ್ ಮೋಡೆಮ್ ಒಳಗೆ ಕೂರುತ್ತೆ, ಮನೆಯ ಕಂಪ್ಯೂಟರುಗಳಿಗೆ ಅದು 192.168ರಿಂದ ಶುರುವಾಗುವ ವಿಳಾಸ ಹಂಚುತ್ತೆ. ಲೈನ್‌ಮ್ಯಾನ್ ಬಂದರೆ ವಿಂಡೋಸ್ ಕೇಳುತ್ತಿದ್ದರು. ಲಿನಕ್ಸ್ ಅಂದರೆ 'ಇದರಲ್ಲಿ ಬರಲ್ಲ ಸಾರ್' ಅನ್ನುವುದು ವಾಡಿಕೆ. ರೂಟರ್ ಮೋಡ್‌ಗೆ ಬದಲಿಸಿದರೆ ಆ ಜಗಳವೇ ಇಲ್ಲ, ಲಿನಕ್ಸ್ ಆದರೇನು, ಏನಾದರೇನು, ಕೇಬಲ್ ಚುಚ್ಚಿದರೆ ನೆಟ್. ಹಾಗಾಗಿ ಲಾಗಿನ್ ಡಬ್ಬಿಗೆ ಹೋದಾಗ ಮೊದಲು ಖುಷಿಪಟ್ಟವರು ಲಿನಕ್ಸ್ ಜನವೇ.

ಹೀಗೆ ವಿಳಾಸ ಹಂಚುವ ಕೆಲಸ ಲಿನಕ್ಸಿಗೆ ಹೊಸದಲ್ಲ. ಒಂದು ಹಳೆಯ 486 ಪಿಸಿಗೆ ಲಿನಕ್ಸ್ ಹಾಕಿ, 'ಐಪಿ ಮ್ಯಾಸ್ಕರೇಡ್' ಚಾಲೂ ಮಾಡಿ, ಒಂದೇ ಡಯಲ್-ಅಪ್ ಕನೆಕ್ಷನ್ನನ್ನು ನಾಲ್ಕು ಕಂಪ್ಯೂಟರಿಗೆ ಹಂಚುವುದು ತೊಂಬತ್ತರ ದಶಕದಲ್ಲೇ ಗೊತ್ತಿತ್ತು. ಕರ್ನಲ್ 2.0ರಲ್ಲಿ ಐಪಿ-ಎಫ್‌ಡಬ್ಲ್ಯು-ಅಡ್ಮ್, 2.2ರಲ್ಲಿ ಐಪಿ-ಚೈನ್ಸ್, 2001ರಲ್ಲಿ ಬಂದ 2.4ರಲ್ಲಿ ಐಪಿ-ಟೇಬಲ್ಸ್, ಹೀಗೆ ಅದರ ಸಲಕರಣೆ ಬದಲಾಗುತ್ತಾ ಹೋಯಿತು. ಆ 486ರ ಕೆಲಸವನ್ನೇ ಈಗ ಅಂಗೈ ಅಗಲದ ಡಬ್ಬಿ ಮಾಡತೊಡಗಿತು. ಅಂಥ ಎಷ್ಟೋ ಡಬ್ಬಿಗಳ ಒಳಗೆ ಓಡುತ್ತಿದ್ದದ್ದೂ ಲಿನಕ್ಸೇ, ಜತೆಗೆ ಬ್ಯುಸಿಬಾಕ್ಸ್. ಲಿನಕ್ಸ್ ಬರಲ್ಲ ಅಂದ ಲೈನ್‌ಮ್ಯಾನ್ ತಮ್ಮ ಚೀಲದಲ್ಲೇ ಲಿನಕ್ಸ್ ಹೊತ್ತು ತಂದಿರುತ್ತಿದ್ದರು.

ಆ ಕಾಲದ ಒಂದು ಲೆಕ್ಕ ಹೇಳಿಬಿಡ್ತೀನಿ. ಡೇಟಾಒನ್‌ನ 500 ರೂಪಾಯಿ ಪ್ಲಾನಿನಲ್ಲಿ ರಾತ್ರಿ 2ರಿಂದ ಬೆಳಗ್ಗೆ 8ರ ತನಕ ಡೌನ್‌ಲೋಡಿಗೆ ಲೆಕ್ಕ ಇರಲಿಲ್ಲ. 256 ಕೆಬಿಪಿಎಸ್ ಅಂದರೆ ಸೆಕೆಂಡಿಗೆ 32 ಕಿಲೋಬೈಟ್. 700 ಎಂಬಿಯ ಲಿನಕ್ಸ್ ಸಿಡಿಗೆ ಆರು ಗಂಟೆ ಹದಿಮೂರು ನಿಮಿಷ ಬೇಕು. ಸಿಗುವುದು ಆರೇ ಗಂಟೆ. ಹದಿಮೂರು ನಿಮಿಷಕ್ಕೆ ಇನ್ನೊಂದು ರಾತ್ರಿ! ನಡುವೆ ಕಡಿದರೂ ಬಿಟ್ಟಲ್ಲಿಂದ ಮುಂದುವರಿಸುವ ಡಬ್ಲ್ಯುಗೆಟ್, ರಾತ್ರಿ 2ಕ್ಕೆ ಕನೆಕ್ಟ್ ಮಾಡಿ ಬೆಳಗ್ಗೆ 8ರೊಳಗೆ ಕಡಿಯುವ ಕ್ರಾನ್ ಸಾಲು, ಇವೆರಡೂ ಎಷ್ಟೋ ಹುಡುಗರಿಗೆ ಲಿನಕ್ಸಿನ ಮೊದಲ ಪಾಠ. ನೆಟ್ ಇಲ್ಲದವರಿಗೆ ಉಬುಂಟು ಕಡೆಯವರು 2011ರ ತನಕ ಪುಕ್ಕಟೆ ಸಿಡಿಯನ್ನು ಅಂಚೆಯಲ್ಲಿ ಕಳಿಸುತ್ತಿದ್ದರು.

ಇನ್ನೊಂದು ವಿಷಯ ಇವತ್ತಿಗೂ ಉಪಯೋಗ. ಪಿಪಿಪಿಓಇ ಪ್ರತಿ ಪೊಟ್ಟಣದಲ್ಲೂ 8 ಬೈಟ್ ತಿನ್ನುತ್ತದೆ. ಎತರ್ನೆಟ್ಟಿನ 1500ರಲ್ಲಿ ನಮಗೆ ಉಳಿಯುವುದು 1492. ಪೊಟ್ಟಣ ದೊಡ್ಡದಾಯಿತು ಅಂತ ತಿಳಿಸುವ ಸಂದೇಶವನ್ನು ದಾರಿಯಲ್ಲಿ ಯಾವುದೋ ಫೈರ್‌ವಾಲ್ ನುಂಗಿದರೆ ವಿಚಿತ್ರ ಕಾಯಿಲೆ ಶುರು: ಪಿಂಗ್ ಹೋಗುತ್ತೆ, ಗೂಗಲ್ ತೆರೆಯುತ್ತೆ, ಬ್ಯಾಂಕಿನ ಪುಟ ಮಾತ್ರ ಅರ್ಧಕ್ಕೆ ನಿಲ್ಲುತ್ತೆ. ಆಗಿನ ಲಿನಕ್ಸ್ ಬಳಕೆದಾರರು ಐಪಿ-ಟೇಬಲ್ಸ್‌ನಲ್ಲಿ ಒಂದು ಸಾಲು ಸೇರಿಸಿ ಇದನ್ನು ಗುಣಪಡಿಸುತ್ತಿದ್ದರು. ಮನೆಯಿಂದ ಆಫೀಸ್ ವಿಪಿಎನ್ ಹಾಕಿದಾಗ ಕೆಲವು ಸೈಟ್ ಮಾತ್ರ ತೆರೆಯದಿದ್ದರೆ ಮೊದಲು ಈ ಅಳತೆ ನೋಡಿ. ಕಾಯಿಲೆ ಅದೇ.

ಬಾಡಿಗೆ ಮನೆಯವರ ಪಾಡು

ಡೇಟಾಒನ್ ಬೇಕಾದರೆ ಲ್ಯಾಂಡ್‌ಲೈನ್ ಬೇಕು. ಲ್ಯಾಂಡ್‌ಲೈನ್‌ಗೆ ವಿಳಾಸದ ಪುರಾವೆ ಬೇಕು. ಎಸ್‌.ಆರ್. ನಗರದ ಹಾಸ್ಟೆಲ್‌ನಲ್ಲೋ ಕೂಕಟ್‌ಪಲ್ಲಿಯ ಬಾಡಿಗೆ ರೂಮಿನಲ್ಲೋ ಮೂರ್ನಾಲ್ಕು ಜನ ಸೇರಿ ಇರುವ, ರೇಷನ್ ಕಾರ್ಡ್ ಊರಲ್ಲಿರುವ ನಮ್ಮಂಥವರು ಎಲ್ಲಿಂದ ತರೋದು? ನಾನು 2011ರಲ್ಲಿ ಎಂಟೆಕ್‌ಗೆ ಅಂತ ಇಲ್ಲಿಗೆ ಬಂದಾಗ ಕ್ಯಾಂಪಸ್ಸಿನಲ್ಲಿ ನೆಟ್ ಇತ್ತು. ಮುಂದಿನ ವರ್ಷ ಹೊರಗೆ ರೂಮು ಮಾಡಿದ ಮೇಲೆ ಗೊತ್ತಾಯಿತು, ವಲಸಿಗನ ಇಂಟರ್ನೆಟ್ಟೇ ಬೇರೆ ಅಂತ.

ಅದಕ್ಕೆ ಎರಡು ದಾರಿ ಇತ್ತು. ಒಂದು, ಯುಎಸ್‌ಬಿ ಡೇಟಾ ಕಾರ್ಡ್. ಟಾಟಾ ಫೋಟಾನ್, ರಿಲಯನ್ಸ್ ನೆಟ್‌ಕನೆಕ್ಟ್ ನೆನಪಿದೆಯಲ್ಲ? ಆ ಕಡ್ಡಿಯನ್ನು ಲಿನಕ್ಸಿಗೆ ಚುಚ್ಚಿದರೆ ಮೋಡೆಮ್ ಬದಲು ಸಿಡಿ ಡ್ರೈವ್ ಕಾಣುತ್ತಿತ್ತು. ವಿಂಡೋಸ್ ಡ್ರೈವರನ್ನು ಕಡ್ಡಿಯಲ್ಲೇ ಸಿಡಿಯ ವೇಷದಲ್ಲಿ ಇಟ್ಟಿರುತ್ತಿದ್ದರು. ವಿಂಡೋಸ್ ಆ ಡ್ರೈವರ್ ಹಾಕಿಕೊಂಡ ಮೇಲೆ ಅದು ವೇಷ ಕಳಚಿ ಮೋಡೆಮ್ ಆಗುವುದು. ಲಿನಕ್ಸಿನಲ್ಲಿ ವೇಷ ಕಳಚುವವರು ಯಾರು? ಅದಕ್ಕಂತಲೇ 'ಯುಎಸ್‌ಬಿ ಮೋಡ್‌ಸ್ವಿಚ್' ಬಂತು. ವೇಷ ಕಳಚಿದ ಮೇಲೆ ಮತ್ತೆ ಅದೇ ಹಳೆಯ ಡಬ್ಲ್ಯುವಿಡಯಲ್, #777ಕ್ಕೆ ಡಯಲ್. 1996ರ ಪಾಠ 2010ರ ಆಸುಪಾಸಿನಲ್ಲಿ ಮತ್ತೆ ಕೆಲಸಕ್ಕೆ ಬಂತು, ಲಾಗಿನ್ ಕೂಡ ಸ್ವಲ್ಪ ಕಾಲ ನಮ್ಮ ಕಂಪ್ಯೂಟರಿಗೆ ವಾಪಸ್ ಬಂತು.

ಎರಡನೆಯದು ಹೈದರಾಬಾದಿನ ವಿಶೇಷ ಅಂತಲೇ ಹೇಳಬಹುದು. ಬೀಮ್ ಟೆಲಿಕಾಂ ಅನ್ನುವ ಸ್ಥಳೀಯ ಕಂಪನಿ ಕಟ್ಟಡದ ತನಕ ಫೈಬರ್ ಎಳೆದು, ಅಲ್ಲಿಂದ ಕಿಟಕಿ ಮೂಲಕ ಮನೆಗೆ ಮಾಮೂಲಿ ಎತರ್ನೆಟ್ ಕೇಬಲ್ ಕೊಡುತ್ತಿತ್ತು. ಫೋನ್ ಬೇಡ, ಮೋಡೆಮ್ ಬೇಡ. ಕೇಬಲ್ ಚುಚ್ಚಿದರೆ ವಿಳಾಸ ಬರುತ್ತಿತ್ತು. ಆಮೇಲೆ ಬ್ರೌಸರ್ ತೆರೆದರೆ ಲಾಗಿನ್ ಪುಟ. ಈ ಪದ್ಧತಿಯಲ್ಲಿ ಲಿನಕ್ಸಿಗೂ ವಿಂಡೋಸಿಗೂ ಭೇದ ಇಲ್ಲ. ಬೇರೆ ಕೆಲವು ಕೇಬಲ್ ಇಂಟರ್ನೆಟ್ ಕಂಪನಿಗಳದ್ದು ಹಾಗಲ್ಲ, ತಮ್ಮದೇ ಲಾಗಿನ್ ಪ್ರೋಗ್ರಾಂ ಓಡಿಸಬೇಕು ಅನ್ನುತ್ತಿದ್ದವು. ಸಿಫಿ ಬ್ರಾಡ್‌ಬ್ಯಾಂಡಿಗೆ ಬಳಕೆದಾರರೇ 'ಸೂಪರ್‌ಸಿಫಿ' ಅಂತ ಲಿನಕ್ಸ್ ಕ್ಲೈಂಟ್ ಬರೆದುಕೊಂಡದ್ದೂ ಇದೆ.

ವೆಬ್ ಪುಟದ ತೊಂದರೆ ಅಂದರೆ ಅದಕ್ಕೆ ಒಬ್ಬ ಮನುಷ್ಯ ಬೇಕು. ಕರೆಂಟ್ ಹೋಗಿ ಬಂದರೆ ಮತ್ತೆ ಯಾರಾದರೂ ಬ್ರೌಸರ್ ತೆರೆದು ಪಾಸ್‌ವರ್ಡ್ ಕೊಡಬೇಕು. ಮನೆಯಲ್ಲಿ ಸದಾ ಓಡುವ ಒಂದು ಪುಟ್ಟ ಲಿನಕ್ಸ್ ಪೆಟ್ಟಿಗೆ ಇಟ್ಟುಕೊಂಡವರು ಇದಕ್ಕೂ ಐದಾರು ಸಾಲಿನ ಕರ್ಲ್ ಸ್ಕ್ರಿಪ್ಟ್ ಬರೆದು ಕ್ರಾನ್‌ಗೆ ಹಾಕಿದರು. ನಮ್ಮ ರೂಮಿನ ಗೆಳೆಯರಿಗೆ ಅದು ಲಿನಕ್ಸ್ ಅನ್ನೋದೂ ಗೊತ್ತಿರಲಿಲ್ಲ, 'ಆ ಪೆಟ್ಟಿಗೆ ಮಾತ್ರ ಆಫ್ ಮಾಡಬೇಡ್ರಪ್ಪ' ಅನ್ನೋದಷ್ಟೇ ಗೊತ್ತಿತ್ತು. ಮುಂದೆ ಬೀಮ್ ಕಂಪನಿಯನ್ನು ಬೆಂಗಳೂರಿನ ಆಕ್ಟ್ ಕೊಂಡುಕೊಂಡಿತು.

2016ರ ಸೆಪ್ಟೆಂಬರ್ 5ಕ್ಕೆ ಜಿಯೋ ಬಂದಮೇಲೆ ಎಷ್ಟೋ ರೂಮುಗಳಲ್ಲಿ ಕೇಬಲ್ಲೇ ಬೇಡವಾಯಿತು. ಫೋನಿನ ಹಾಟ್‌ಸ್ಪಾಟೇ ರೂಟರ್. ಅದೂ ಲಿನಕ್ಸೇ. ಆಂಡ್ರಾಯ್ಡ್ ಅಡಿಯಲ್ಲಿರುವುದು ಲಿನಕ್ಸ್ ಕರ್ನಲ್, ಹಾಟ್‌ಸ್ಪಾಟ್ ಒತ್ತಿದಾಗ ಒಳಗೆ ನಡೆಯುವುದು ಆ 486 ಮಾಡುತ್ತಿದ್ದ ವಿಳಾಸ ಹಂಚುವ ಕೆಲಸ.

ಕಂಪನಿಯ ಕೈಯಲ್ಲಿ

2017ರಲ್ಲಿ ನಾಲ್ಕು ತಿಂಗಳ ಅಂತರದಲ್ಲಿ ನಡೆದ ಎರಡು ಘಟನೆಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು.

ಮಾರ್ಚ್ ಕೊನೆಯಲ್ಲಿ ಆಕ್ಟ್ ಕಂಪನಿ ಹೈದರಾಬಾದಿನ ಮನೆಗಳಿಗೆ 1 ಜಿಬಿಪಿಎಸ್ ಸೇವೆ ಶುರು ಮಾಡಿತು, ತಿಂಗಳಿಗೆ 5,999 ರೂಪಾಯಿ. 2005ರ ಡೇಟಾಒನ್‌ಗೆ ಹೋಲಿಸಿದರೆ ಸುಮಾರು 4 ಸಾವಿರ ಪಟ್ಟು ವೇಗ. ಎರಡು ರಾತ್ರಿ ಬೇಕಾಗಿದ್ದ ಆ ಸಿಡಿ ಈಗ ಆರು ಸೆಕೆಂಡಿನ ಮಾತು.

ಜುಲೈ ಕೊನೆಯಲ್ಲಿ ಬಿಎಸ್ಎನ್ಎಲ್‌ನ ಕರ್ನಾಟಕ ವೃತ್ತದಲ್ಲಿ ಸಾವಿರಾರು ಮನೆಗಳ ಮೋಡೆಮ್‌ಗಳು ಇದ್ದಕ್ಕಿದ್ದಂತೆ ಸತ್ತುಹೋದವು. 'ಅಡ್ಮಿನ್-ಅಡ್ಮಿನ್' ಅಂತ ಕಾರ್ಖಾನೆಯಲ್ಲಿ ಇಟ್ಟ ಪಾಸ್‌ವರ್ಡನ್ನು ಬದಲಿಸದೇ ಇದ್ದ ಮೋಡೆಮ್‌ಗಳಿಗೆ ಹೊರಗಿನಿಂದ ಮಾಲ್‌ವೇರ್ ನುಗ್ಗಿತ್ತು. 'ಬ್ರಿಕರ್‌ಬಾಟ್' ಬರೆದವನು ಇದು ನನ್ನದೇ ಕೆಲಸ ಅಂತ ಹೇಳಿಕೊಂಡ. ಲಿನಕ್ಸ್ ಮತ್ತು ಬ್ಯುಸಿಬಾಕ್ಸ್ ಇರುವ ಡಬ್ಬಿಗಳ ಒಳಗೆ ಹೊಕ್ಕು, ಅವುಗಳ ನೆನಪಿನ ಚಿಪ್ಪಿನ ಮೇಲೆ ಕಸ ಬರೆದು ಇಟ್ಟಿಗೆ ಮಾಡುವುದೇ ಅದರ ಉದ್ದೇಶ. ದಾರಿಯಾದದ್ದು 7547 ನಂಬರಿನ ಪೋರ್ಟ್. ಇದು ಟಿಆರ್-069 ಅನ್ನುವ ವ್ಯವಸ್ಥೆಯದ್ದು. ಕಂಪನಿ ತನ್ನ ಗ್ರಾಹಕರ ಡಬ್ಬಿಗಳನ್ನು ದೂರದಿಂದ ನೋಡಿಕೊಳ್ಳಲಿ ಅಂತ 2004ರಲ್ಲಿ ಮಾಡಿದ ಬಾಗಿಲು.

ಯೋಚನೆ ಮಾಡಿ. ಆ ಮನೆಗಳಲ್ಲಿ ಲಿನಕ್ಸ್ ಕಂಪ್ಯೂಟರ್ ಇದೆ ಅಂತ ಮನೆಯವರಿಗೇ ಗೊತ್ತಿರಲಿಲ್ಲ. ಅದರ ಬೀಗದ ಕೈ ಜಗತ್ತಿಗೆಲ್ಲ ಗೊತ್ತಿತ್ತು. ದೂರದಿಂದ ತೆರೆಯುವ ಬಾಗಿಲು ಇತ್ತು, ಅದನ್ನು ಮುಚ್ಚಿಡಬೇಕಾದವರು ಮುಚ್ಚಿರಲಿಲ್ಲ. ಚಾಟ್ ಸ್ಕ್ರಿಪ್ಟ್ ಬರೆಯುವ ಕಾಲದಲ್ಲಿ ಬಳಕೆದಾರನಿಗೆ ಎಲ್ಲ ಮೆಟ್ಟಿಲೂ ಗೊತ್ತಿತ್ತು, ಆದರೆ ಅಂಥವರು ಬೆರಳೆಣಿಕೆ. ಈಗ ಎಲ್ಲರ ಮನೆಗೂ ನೆಟ್ ಬಂದಿದೆ, ಆದರೆ ಮೆಟ್ಟಿಲು ಯಾರಿಗೂ ಕಾಣುತ್ತಿಲ್ಲ. ಹಳೆಯ ಕಾಲವೇ ಚೆನ್ನಾಗಿತ್ತು ಅಂತ ನಾನು ಹೇಳಲ್ಲ. ರಾಯಚೂರಿನಲ್ಲಿರುವ ನನ್ನ ಅಮ್ಮ ಚಾಟ್ ಸ್ಕ್ರಿಪ್ಟ್ ಬರೆದು ನನಗೆ ವಿಡಿಯೋ ಕಾಲ್ ಮಾಡುವುದು ಸಾಧ್ಯವಿತ್ತಾ? ಸುಲಭವಾದದ್ದು ಒಳ್ಳೆಯದೇ. ಸುಲಭ ಮಾಡುವ ನೆಪದಲ್ಲಿ ಬೀಗದ ಕೈ ಯಾರ ಹತ್ತಿರ ಹೋಯಿತು ಅನ್ನೋದಷ್ಟೇ ನನ್ನ ಪ್ರಶ್ನೆ.

ಇಲ್ಲಿ ಲೈಸೆನ್ಸಿನ ಮಾತೂ ಬರುತ್ತೆ. ಲಿನಕ್ಸ್ ಕರ್ನಲ್ ಜಿಪಿಎಲ್ 2ರಡಿ ಇದೆ. ಡಬ್ಬಿ ಮಾರುವವರು ಅದರ ಸೋರ್ಸ್ ಕೋಡ್ ಕೇಳಿದವರಿಗೆ ಕೊಡಬೇಕು. 2003ರಲ್ಲಿ ಲಿಂಕ್‌ಸಿಸ್ ಕಂಪನಿಯ ಡಬ್ಲ್ಯುಆರ್‌ಟಿ54ಜಿ ರೂಟರಿನ ಕೋಡ್ ಹೀಗೇ ಹೊರಬಂತು, ಅದರಿಂದ 2004ರಲ್ಲಿ ಓಪನ್‌ಡಬ್ಲ್ಯುಆರ್‌ಟಿ ಹುಟ್ಟಿತು. ಆದರೆ ಬದಲಿಸಿದ ಕೋಡನ್ನು ಅದೇ ಡಬ್ಬಿಗೆ ವಾಪಸ್ ಹಾಕಲು ಬಿಡಬೇಕು ಅಂತ ಸ್ಪಷ್ಟವಾಗಿ ಕೇಳಿದ್ದು 2007ರ ಜಿಪಿಎಲ್ 3. ಕರ್ನಲ್ ಅದಕ್ಕೆ ಬದಲಾಗಲಿಲ್ಲ. ಹಾಗಾಗಿ ಓದಬಹುದು, ತಿದ್ದಬಹುದು, ಆದರೆ ನಮ್ಮ ಗೋಡೆಯ ಮೇಲಿನ ಡಬ್ಬಿಗೆ ಹಾಕಲು ಎಷ್ಟೋ ಸಲ ಆಗುವುದಿಲ್ಲ.

2020ರ ಪರೀಕ್ಷೆ

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ ಗೋಡೆಯ ಮೇಲಿನ ಆ ಡಬ್ಬಿ ನಮ್ಮ ಆಫೀಸಾಯಿತು, ಮಕ್ಕಳ ಶಾಲೆಯಾಯಿತು, ಊರಿನವರ ಮುಖ ನೋಡುವ ಕಿಟಕಿಯಾಯಿತು. ಆಗ ನಾನಿದ್ದದ್ದು ಮಿಯಾಪುರದ ಒಂದು ಅಪಾರ್ಟ್‌ಮೆಂಟಿನಲ್ಲಿ. ಏಪ್ರಿಲ್‌ನಲ್ಲಿ ಒಂದು ದಿನ ಸಿಡಿಲು ಮಳೆ ಬಂದು ಕರೆಂಟ್ ನಾಲ್ಕೈದು ಸಲ ಹೋಗಿಬಂತು. ನಮ್ಮ ಕಟ್ಟಡದಲ್ಲಿ ಕೆಲವರ ರೂಟರ್‌ಗಳು ಹೊಸದಾಗಿ ಪೆಟ್ಟಿಗೆಯಿಂದ ತೆಗೆದ ಹಾಗೆ ಖಾಲಿಯಾಗಿ ಎದ್ದವು. ಕಸ್ಟಮರ್ ಕೇರ್ ಫೋನ್ ಎತ್ತಲ್ಲ, ಹುಡುಗ ಬರುವ ಹಾಗಿಲ್ಲ. ಮರುದಿನ ಬೆಳಗ್ಗೆ ಎಲ್ಲರಿಗೂ ಸ್ಟ್ಯಾಂಡಪ್ ಕಾಲ್.

ಕೈಕೊಟ್ಟ ಮನೆಗಳಲ್ಲಿ ಸಾಫ್ಟ್‌ವೇರಿನವರೇ ಹೆಚ್ಚು. ಒಬ್ಬರಿಗೂ ತಮ್ಮ ಪಿಪಿಪಿಓಇ ಪಾಸ್‌ವರ್ಡ್ ಗೊತ್ತಿಲ್ಲ, ಯಾಕಂದ್ರೆ ಅದನ್ನು ಹಾಕಿದ್ದು ಅವರಲ್ಲ. ಸಂಜೆಯೊಳಗೆ ನೆಟ್ ಬಂದದ್ದು ಒಂದೇ ಮನೆಗೆ. ಬಿಎಚ್‌ಇಎಲ್‌ನಿಂದ ನಿವೃತ್ತರಾದ, ಬೀದರ್ ಕಡೆಯ ಹಿರಿಯರು ಅವರು. ದೇವರ ಗೂಡಿನ ಕೆಳಗಿನ ಕಪಾಟಿನಲ್ಲಿ ಅವರದ್ದೊಂದು ಡೈರಿ ಇತ್ತು. ಡೇಟಾಒನ್ ಕಾಲದಿಂದ ಹಿಡಿದು ಪ್ರತಿ ಕನೆಕ್ಷನ್ನಿನ ಯೂಸರ್‌ನೇಮ್, ಪಾಸ್‌ವರ್ಡ್, ಯಾವ ದಿನ ಯಾರು ಬಂದು ಏನು ಬದಲಿಸಿದರು, ಎಲ್ಲ ದುಂಡು ಅಕ್ಷರದಲ್ಲಿ ಬರೆದಿಟ್ಟಿದ್ದರು. ಮಾಸ್ಕ್ ಹಾಕಿಕೊಂಡು ಬಾಗಿಲ ಹೊರಗೆ ನಿಂತು ನಾನು ಹೇಳಿದೆ, ಅವರು ಟೈಪ್ ಮಾಡಿದರು. ಆ ಮೇಲೆ 'ಮುಂದಿನ ಸಲ ನಿನ್ನ ಅಗತ್ಯ ಇಲ್ಲ ಬಿಡು' ಅಂತ ನಕ್ಕು, ಈ ಹಂತಗಳನ್ನೂ ಡೈರಿಗೆ ಸೇರಿಸಿದರು. ಮಿಕ್ಕವರು ಮೂರು ದಿನ ಫೋನಿನ ಹಾಟ್‌ಸ್ಪಾಟಿನಲ್ಲಿ ಕಾಲ ತಳ್ಳಿದೆವು. ಪಕ್ಕದ ಮನೆಯ ಹುಡುಗಿಯ ಇಂಟರ್‌ವ್ಯೂ ನಡುವೆ ಕಾಲ್ ಕಟ್ಟಾಗಿ, ಅದು ಮತ್ತೆ ನಡೆಯಲೇ ಇಲ್ಲ.

ಅವರು ಎಂಜಿನಿಯರ್ ಅಲ್ಲ, ಲಿನಕ್ಸ್ ಹೆಸರು ಕೇಳಿದ್ದಾರೋ ಇಲ್ಲವೋ. ಬೀಗದ ಕೈ ತಮ್ಮ ಹತ್ತಿರ ಒಂದಿರಲಿ ಅನ್ನುವ ಮನೆಯ ಯಜಮಾನರ ಬುದ್ಧಿ ಅಷ್ಟೇ. ಮೊದಲ ಕಾಲದ ಲಿನಕ್ಸ್ ಬಳಕೆದಾರನಿಗೆ ಅನಿವಾರ್ಯವಾಗಿ ಬಂದದ್ದೂ ಅದೇ ಬುದ್ಧಿ.

ಈ ಭಾನುವಾರ ಅರ್ಧ ಗಂಟೆ

ಇತಿಹಾಸ ಕೇಳಿದ್ದಾಯಿತು, ಈಗ ಸ್ವಲ್ಪ ಕೈಕೆಲಸ. ಲಿನಕ್ಸ್ ಇರಲಿ ಇಲ್ಲದಿರಲಿ, ನಾಲ್ಕು ಪ್ರಶ್ನೆಗೆ ಉತ್ತರ ಹುಡುಕಿ.

ಒಂದು, ಲಾಗಿನ್ ಎಲ್ಲಿದೆ? ಟರ್ಮಿನಲ್‌ನಲ್ಲಿ 'ಐಪಿ ರೂಟ್' ಕೊಟ್ಟರೆ 'ಡಿಫಾಲ್ಟ್' ಸಾಲಿನಲ್ಲಿ ನಿಮ್ಮ ಡಬ್ಬಿಯ ವಿಳಾಸ ಸಿಗುತ್ತೆ. ಬ್ರೌಸರಿನಲ್ಲಿ ಅದನ್ನು ತೆರೆದು ಒಳಗೆ ಹೋಗಿ. ಪಿಪಿಪಿಓಇ ಅಂತಿದ್ದರೆ ಆ ಯೂಸರ್‌ನೇಮ್, ಪಾಸ್‌ವರ್ಡನ್ನು ಕಂಪನಿಯಿಂದ ಕೇಳಿ ಬರೆದಿಟ್ಟುಕೊಳ್ಳಿ.

ಎರಡು, ಡಬ್ಬಿಯ ಪಾಸ್‌ವರ್ಡ್ ಏನು? ಇನ್ನೂ 'ಅಡ್ಮಿನ್-ಅಡ್ಮಿನ್' ಇದ್ದರೆ ಈ ಬರಹ ಓದುವುದನ್ನು ಇಲ್ಲಿಗೇ ನಿಲ್ಲಿಸಿ ಮೊದಲು ಬದಲಿಸಿ ಬನ್ನಿ. ಹೊರಗಿನಿಂದ ತೆರೆಯುವ ರಿಮೋಟ್ ಮ್ಯಾನೇಜ್‌ಮೆಂಟ್ ಬೇಡವಾದರೆ ಮುಚ್ಚಿ.

ಮೂರು, ಡಬ್ಬಿಗೆ ಹೊರಗಡೆ ಯಾವ ವಿಳಾಸ ಸಿಕ್ಕಿದೆ? ಅದು 100.64ರಿಂದ 100.127ರ ನಡುವೆ ಇದ್ದರೆ, ಒಂದೇ ಹೊರವಿಳಾಸವನ್ನು ಕಂಪನಿ ಬಹಳ ಮನೆಗಳಿಗೆ ಹಂಚಿದೆ ಅಂತ ಅರ್ಥ. 2012ರಲ್ಲಿ ಇದಕ್ಕಂತಲೇ ಮೀಸಲಿಟ್ಟ ವಿಳಾಸಗಳು ಇವು. ಆಗ ಊರಲ್ಲಿ ಕೂತು ಹೈದರಾಬಾದ್ ಮನೆಯ ಲಿನಕ್ಸ್ ಪೆಟ್ಟಿಗೆಗೆ ನೇರ ಎಸ್‌ಎಸ್‌ಎಚ್ ಮಾಡೋಕೆ ಆಗಲ್ಲ. ಐಪಿವಿ6 ಇದೆಯಾ ನೋಡಿ, ಭಾರತ ಅದರಲ್ಲಿ ಜಗತ್ತಿನ ಮುಂಚೂಣಿಯಲ್ಲಿದೆ.

ನಾಲ್ಕು, ಡಬ್ಬಿಯನ್ನು ಬ್ರಿಡ್ಜ್ ಮಾಡಿಕೊಡ್ತೀರಾ ಅಂತ ಕಂಪನಿಯನ್ನು ಕೇಳಿ. ಕೆಲವರು ಕೊಡ್ತಾರೆ, ಕೆಲವರು ಕೊಡಲ್ಲ. ಕೊಟ್ಟರೆ ಅದರ ಹಿಂದೆ ಓಪನ್‌ಡಬ್ಲ್ಯುಆರ್‌ಟಿ ಹಾಕಿದ ನಿಮ್ಮದೇ ರೂಟರ್ ಇಡಬಹುದು. ಲಾಗಿನ್ ಮತ್ತೆ ನಿಮ್ಮ ಕೈಗೆ ಬರುತ್ತೆ. ಪಿಪಿಪಿಓಇ ಇದ್ದರೆ 1492 ನೆನಪಿರಲಿ.

ಉತ್ತರಗಳನ್ನು ಕಾಗದದ ಮೇಲೆ ಬರೆಯಿರಿ. ನೆಟ್ ಹೋದಾಗ ಕ್ಲೌಡ್ ನೋಟ್ಸ್ ತೆರೆಯಲ್ಲ. ಇದೇ ನಾಲ್ಕು ಪ್ರಶ್ನೆಯನ್ನು ಮುಂದಿನ ಸಲ ಊರಿಗೆ ಹೋದಾಗ ಅಪ್ಪ-ಅಮ್ಮನ ಮನೆಯ ಡಬ್ಬಿಗೂ ಕೇಳಿ. ಅವರ ಕಪಾಟಿನಲ್ಲೂ ಒಂದು ಹಾಳೆ ಇರಲಿ, ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ. ನಾವು ದೂರ ಇದ್ದೇವೆ, ಆ ತಂತಿಯೊಂದೇ ನಡುವೆ ಇರೋದು.

ಮುಂದಿನ ವಾರ ಓಪನ್‌ಡಬ್ಲ್ಯುಆರ್‌ಟಿಯನ್ನು ಒಂದು ಹಳೆಯ ರೂಟರಿಗೆ ಹಾಕಿ ತೋರಿಸ್ತೀನಿ. ಅಲ್ಲಿ ತನಕ ನಮಸ್ಕಾರ.